ಪಾಲುಗಾರರ ಸಂತೋಷ



ಕಷ್ಟದ ನಡುವೆ ಸುವಾರ್ತಾಸೇವೆಯ ಸಂತೋಷವನ್ನು ಕುರಿತು ಮಾತನಾಡಬೇಕೆಂದು ನೀವು ಕೇಳಿದ್ದೀರಿ. ಪ್ರಸಂಗಪೀಠದಿಂದ ನಾವು ಬೇಕಾದಷ್ಟು ಸಲ ಕೇಳಿರುವ ವಿಷಯ ಇದು. ಆದರೂ ಒಪ್ಪಿಕೊಳ್ಳುವ ಮುನ್ನ ತುಸು ಯೋಚಿಸಿದೆ. ಊರಿನ ಕೊನೆಯ ಬಸ್ಸು ತಪ್ಪಿ ಕತ್ತಲಲ್ಲಿ ನಡೆದು ಮನೆ ಸೇರುವ ಉಪದೇಶಿಗೆ, ತಿಂಗಳ ಕೊನೆಯಲ್ಲಿ ಮಗಳ ಶಾಲೆಯ ಫೀಸು ಹೊಂದಿಸಲಾಗದ ಸುವಾರ್ತಿಕನಿಗೆ, ಪ್ರಾರ್ಥನಾಕೂಟಕ್ಕೆ ಹೊರಟದ್ದಕ್ಕೆ ಬೀದಿಯಲ್ಲಿ ಬೈಗುಳ ತಿಂದ ತಾಯಿಗೆ ‘ಸಂತೋಷವಾಗಿರಿ’ ಎಂದು ಹೇಳುವುದು ಹಗುರವಾದ ಮಾತಲ್ಲ. ಹಗುರವಾಗಿ ಹೇಳಿಬಿಟ್ಟರೆ ಅದು ಕ್ರೂರವೂ ಆದೀತು.

ಈ ಸಂತೋಷ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ದುಡಿಮೆಗೆ ಫಲ ಬರುತ್ತದೆ, ಫಲ ಕಂಡಾಗ ಪಟ್ಟ ಕಷ್ಟವೆಲ್ಲ ಮರೆತುಹೋಗುತ್ತದೆ ಎಂಬುದು ಒಂದು. ಪರಲೋಕದಲ್ಲಿ ಪ್ರತಿಫಲವಿದೆ, ಇಲ್ಲಿ ಸಹಿಸಿಕೊಂಡರೆ ಸಾಕು ಎಂಬುದು ಇನ್ನೊಂದು. ಎರಡಕ್ಕೂ ವೇದವಾಕ್ಯದ ಆಧಾರವಿದೆ, ಎರಡನ್ನೂ ನಾನು ನಂಬುತ್ತೇನೆ. ಆದರೆ ಫಲವೇ ಕಾಣದ ಊರಿನಲ್ಲಿ ಇಪ್ಪತ್ತು ವರ್ಷ ಸೇವೆ ಮಾಡಿದವನಿಗೆ ಮೊದಲನೆಯ ಉತ್ತರ ಸಾಲದು. ಇಂದು ರಾತ್ರಿ ಕಣ್ಣೀರಿನೊಂದಿಗೆ ಮಲಗುವವಳಿಗೆ ಎರಡನೆಯದು ತೀರ ದೂರದ್ದಾಗಿ ಕಾಣಬಹುದು.

ಸೆರೆಯಲ್ಲಿದ್ದ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಇನ್ನೊಂದು ಉತ್ತರವಿದೆ. ಸುವಾರ್ತೆಯ ಸಂತೋಷ ಹುಟ್ಟುವುದು ಪಾಲುಗಾರಿಕೆಯಲ್ಲಿ. ಒಬ್ಬನು ಹೊತ್ತ ಕಷ್ಟದಲ್ಲಿ ಮತ್ತೊಬ್ಬನು ಕೈಜೋಡಿಸಿದಲ್ಲಿ ಅದು ಇಂದೇ, ಫಲ ಬರುವ ಮುಂಚೆಯೇ, ದುಃಖ ಆರುವ ಮುಂಚೆಯೇ ಬಂದಿರುತ್ತದೆ. ಈ ಮಾತನ್ನೇ ಇಂದು ನಿಮ್ಮ ಮುಂದೆ ಬಿಡಿಸಿ ಇಡಬೇಕೆಂದಿದ್ದೇನೆ. ಮೊದಲು ಫಿಲಿಪ್ಪಿಗೆ, ಆಮೇಲೆ ನಮ್ಮ ಕರಾವಳಿಗೆ ಬರುತ್ತೇನೆ.

1. ಸೆರೆಮನೆಯಲ್ಲಿ ಒಂದು ರಾತ್ರಿ

ಫಿಲಿಪ್ಪಿ ಇಂದಿನ ಉತ್ತರ ಗ್ರೀಸಿನಲ್ಲಿದೆ. ಅಲೆಕ್ಸಾಂಡರನ ತಂದೆ, ಮಕೆದೋನ್ಯದ ಅರಸ ಎರಡನೆಯ ಫಿಲಿಪ್ಪನ ಹೆಸರು ಹೊತ್ತ ಪಟ್ಟಣ ಅದು. ಕ್ರಿಸ್ತಪೂರ್ವ 42ರಲ್ಲಿ ಜೂಲಿಯಸ್ ಸೀಸರನ ಹಂತಕರ ಸೇನೆ ಸೋತದ್ದು ಅಲ್ಲಿಯ ಬಯಲಿನಲ್ಲಿ. ಆಮೇಲೆ ನಿವೃತ್ತ ಸೈನಿಕರಿಗೆ ಅಲ್ಲಿ ಜಮೀನು ಹಂಚಿ ಅದನ್ನು ರೋಮನ್ ವಸಾಹತು ಮಾಡಿದರು. ಊರಿನ ನಡುವೆ ಎಗ್ನೇಷಿಯನ್ ಹೆದ್ದಾರಿ ಹಾದುಹೋಗುತ್ತಿತ್ತು. ರೋಮಿನ ಪ್ರಜೆ ಎನಿಸಿಕೊಳ್ಳುವುದು ಆ ಊರಿನವರಿಗೆ ದೊಡ್ಡ ಹೆಮ್ಮೆ. ಅದರ ಅವಶೇಷಗಳು 2016ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಕ್ರಿಸ್ತಶಕ 50ರ ಆಸುಪಾಸಿನಲ್ಲಿ ಪೌಲ, ಸೀಲ ಮತ್ತು ಸಂಗಡಿಗರು ಅಲ್ಲಿಗೆ ಬಂದರು. ಅಲ್ಲಿ ಅವರ ಸೇವೆ ಆರಂಭವಾದದ್ದು ಸಬ್ಬತ್ತಿನ ದಿನ ಊರ ಬಾಗಿಲಿನ ಹೊರಗೆ, ಹೊಳೆಯ ದಂಡೆಯಲ್ಲಿ ಪ್ರಾರ್ಥನೆಗೆ ಸೇರಿದ್ದ ಕೆಲವು ಹೆಂಗಸರ ನಡುವೆ. ಅವರಲ್ಲಿ ಲುದ್ಯಳು ಥುವತೈರ ಪಟ್ಟಣದವಳು, ಧೂಮ್ರವರ್ಣದ ಬಟ್ಟೆಯ ವ್ಯಾಪಾರಿ. ಅವಳು ನಂಬಿದಳು, ಮನೆಯವರೊಂದಿಗೆ ದೀಕ್ಷಾಸ್ನಾನ ಪಡೆದಳು. ಅಷ್ಟಕ್ಕೆ ನಿಲ್ಲದೆ, ಬಂದವರು ತನ್ನ ಮನೆಯಲ್ಲೇ ಇರಬೇಕೆಂದು ಹಟ ಹಿಡಿದಳು. ಫಿಲಿಪ್ಪಿಯ ಸಭೆ ಹುಟ್ಟಿದ್ದು ಹೀಗೆ ತೆರೆದುಕೊಂಡ ಒಂದು ಮನೆಯಲ್ಲಿ.

ಕಷ್ಟ ಬಂದದ್ದು ಹಣದ ದಾರಿಯಿಂದ. ಕಣಿ ಹೇಳುವ ದೆವ್ವ ಹಿಡಿದಿದ್ದ ಒಬ್ಬ ದಾಸಿಯನ್ನು ಪೌಲನು ಬಿಡುಗಡೆ ಮಾಡಿದ. ಅವಳಿಂದ ದುಡ್ಡು ಮಾಡಿಕೊಳ್ಳುತ್ತಿದ್ದ ಯಜಮಾನರಿಗೆ ಆದಾಯ ನಿಂತುಹೋಯಿತು. ಅವರು ಅಧಿಪತಿಗಳ ಮುಂದೆ ತಮ್ಮ ನಷ್ಟದ ಮಾತನ್ನೇ ಎತ್ತಲಿಲ್ಲ. ಈ ಯೆಹೂದ್ಯರು ಊರನ್ನು ಕದಡುತ್ತಿದ್ದಾರೆ, ರೋಮಿನವರಾದ ನಮಗೆ ಒಪ್ಪದ ಆಚಾರಗಳನ್ನು ಹೇಳುತ್ತಿದ್ದಾರೆ ಎಂದು ದೂರಿದರು. ಪರದೇಶಿ ಧರ್ಮ, ಊರಿನ ಶಾಂತಿ ಎಂಬ ಮಾತುಗಳ ಹಿಂದೆ ಯಾರದೋ ಲಾಭ ಅಡಗಿರುವುದು ಹೊಸ ಸಂಗತಿಯಲ್ಲ. ವಿಚಾರಣೆಯೇ ಇಲ್ಲದೆ ಅವರಿಬ್ಬರ ಬಟ್ಟೆ ಹರಿದು, ಛಡಿಗಳಿಂದ ಹೊಡೆದು, ಒಳಗಣ ಸೆರೆಗೆ ತಳ್ಳಿ, ಕಾಲುಗಳಿಗೆ ಕೋಳ ಹಾಕಿದರು.

ಮಧ್ಯರಾತ್ರಿಯಲ್ಲಿ ಅವರು ಹಾಡಿದ ಕಥೆ ನಮಗೆಲ್ಲ ಬಾಯಿಪಾಠ. ಆದರೆ ಅಪೊಸ್ತಲರ ಕೃತ್ಯಗಳಲ್ಲಿ ಲೂಕನು ಬರೆದ ಆ ಅಧ್ಯಾಯವನ್ನು ನಿಧಾನವಾಗಿ ಓದಿದರೆ, ಉಲ್ಲಾಸಪಟ್ಟರು ಎಂಬ ಮಾತನ್ನು ಅವನು ಹಾಡಿನ ಜಾಗದಲ್ಲಿ ಬರೆದಿಲ್ಲ ಎಂದು ಕಾಣುತ್ತದೆ. ಹಾಡುವಾಗ ಅವರ ಬೆನ್ನಿನ ಗಾಯ ಹಸಿಯಾಗಿತ್ತು. ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು ಎಂದಷ್ಟೇ ಬರೆಯುತ್ತಾನೆ. ಭೂಕಂಪವಾಗಿ ಬಾಗಿಲುಗಳು ತೆರೆದವು. ಕೈದಿಗಳು ತಪ್ಪಿಸಿಕೊಂಡರೆ ಕಾವಲುಗಾರನ ತಲೆಯೇ ಹೋಗುವ ಕಾಲ ಅದು. ಸೆರೆಯ ಯಜಮಾನನು ತನ್ನ ಕತ್ತಿಯಿಂದಲೇ ಸಾಯಲು ಹೊರಟ. ನಾವೆಲ್ಲರೂ ಇಲ್ಲೇ ಇದ್ದೇವೆ, ನಿನಗೆ ಹಾನಿ ಮಾಡಿಕೊಳ್ಳಬೇಡ ಎಂದು ಪೌಲನು ಕತ್ತಲಿನಿಂದ ಕೂಗಿ ಹೇಳಿದ. ತನ್ನ ಕಾಲಿಗೆ ಕೋಳ ಹಾಕಿದವನ ಪ್ರಾಣವನ್ನು ಉಳಿಸುವುದೇ ಆ ರಾತ್ರಿಯ ಮೊದಲ ಸುವಾರ್ತೆಯಾಯಿತು.

ಆಮೇಲೆ ನಡೆದದ್ದನ್ನು ಕಣ್ಣಿಗೆ ತಂದುಕೊಳ್ಳಿ. ಅದೇ ರಾತ್ರಿ, ಅದೇ ಗಳಿಗೆಯಲ್ಲಿ, ಆ ಅಧಿಕಾರಿ ಅವರನ್ನು ಕರೆದೊಯ್ದು ಗಾಯಗಳನ್ನು ತೊಳೆದ. ಅವನೂ ಅವನ ಮನೆಯವರೂ ದೀಕ್ಷಾಸ್ನಾನ ಹೊಂದಿದರು. ಅವರನ್ನು ಮನೆಯೊಳಗೆ ಕರೆದು ಊಟಕ್ಕೆ ಬಡಿಸಿದ. ಲೂಕನು ಉಲ್ಲಾಸದ ಮಾತನ್ನು ಬರೆಯುವುದು ಇಲ್ಲಿ. ಗಾಯ ತೊಳೆದ ಕೈ ಅನ್ನ ಬಡಿಸುತ್ತಿರುವಾಗ, ಗಾಯಗೊಂಡವನೂ ಗಾಯಕ್ಕೆ ಕಾರಣವಾದ ಆಳ್ವಿಕೆಯ ನೌಕರನೂ ಒಂದೇ ಮೇಜಿಗೆ ಕುಳಿತಾಗ ಆ ಮನೆ ಸಂತೋಷಪಟ್ಟಿತು.

ಬೆಳಗಾದ ಮೇಲೆ ಇನ್ನೂ ಒಂದು ಸಂಗತಿ ನಡೆಯಿತು. ನಮ್ಮ ಪ್ರಸಂಗಗಳು ಅದನ್ನು ಹೆಚ್ಚಾಗಿ ದಾಟಿಹೋಗುತ್ತವೆ. ಅವರನ್ನು ಬಿಟ್ಟುಬಿಡಿ ಎಂದು ಅಧಿಪತಿಗಳು ಹೇಳಿಕಳುಹಿಸಿದರು. ಪೌಲನು ಸುಮ್ಮನೆ ಹೊರಡಲಿಲ್ಲ. ನಾವು ರೋಮನ್ ಪ್ರಜೆಗಳು, ವಿಚಾರಣೆಯಿಲ್ಲದೆ ಬಹಿರಂಗವಾಗಿ ಹೊಡೆಸಿದವರು ಈಗ ಗುಟ್ಟಾಗಿ ಕಳುಹಿಸುವುದೇ, ಅವರೇ ಬಂದು ಬಿಡಿಸಲಿ ಎಂದ. ಅವರೇ ಬಂದು ಬೇಡಿಕೊಂಡರು. ರಾತ್ರಿ ಹಾಡಿದವನೇ ಬೆಳಿಗ್ಗೆ ನ್ಯಾಯ ಕೇಳಿದ. ಕ್ರೈಸ್ತ ಸಂತೋಷ ಎಂದರೆ ಅನ್ಯಾಯಕ್ಕೆ ತಲೆಬಾಗಿ ನಗುವುದು ಎಂದು ಯಾರಾದರೂ ನಿಮಗೆ ಕಲಿಸಿದ್ದರೆ ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವನ್ನು ಕೊನೆಯವರೆಗೆ ಓದಿ. ಅವನ ಬೇಡಿಕೆ ಅವನಿಗಾಗಿ ಮಾತ್ರ ಇರಲಿಲ್ಲ. ಅವನು ಊರು ಬಿಟ್ಟು ಹೋಗುವವನು. ಲುದ್ಯಳ ಮನೆಯಲ್ಲಿ ಸೇರುವವರು ಅದೇ ಊರಿನಲ್ಲಿ ಬಾಳಬೇಕಾದವರು.

2. ಸೆರೆಯಿಂದ ಬಂದ ಪತ್ರಿಕೆ

ಸುಮಾರು ಹತ್ತು ವರ್ಷ ಕಳೆದವು. ಪೌಲನು ಮತ್ತೆ ಸೆರೆಯಲ್ಲಿದ್ದಾನೆ. ರೋಮಿನ ಸೆರೆಯೆಂಬುದು ಸಭೆಯ ಹಳೆಯ ನಂಬಿಕೆ. ಎಫೆಸ, ಕೈಸರೈಯ ಎನ್ನುವ ವಿದ್ವಾಂಸರೂ ಇದ್ದಾರೆ. ಎಲ್ಲೇ ಇರಲಿ, ಮರಣದಂಡನೆಯ ಸಾಧ್ಯತೆ ಎದುರಿಗಿತ್ತು. ಅಂಥ ಜಾಗದಿಂದ ಬರೆದ ನಾಲ್ಕೇ ಅಧ್ಯಾಯಗಳ ಪತ್ರಿಕೆಯಲ್ಲಿ ಸಂತೋಷದ ಮಾತು ಸುಮಾರು 16 ಸಲ ಬರುತ್ತದೆ. ಪ್ರತಿ ಸಲವೂ ಆ ಸಂತೋಷಕ್ಕೆ ಕಾರಣವೇನು ಎಂದು ಹುಡುಕಿದರೆ ಹೆಚ್ಚಿನ ಕಡೆ ಅಲ್ಲಿ ಮನುಷ್ಯರು ಸಿಗುತ್ತಾರೆ.

ಪತ್ರಿಕೆಯ ಆರಂಭದಲ್ಲೇ ತಾನು ಸಂತೋಷದಿಂದ ಪ್ರಾರ್ಥಿಸುವುದಕ್ಕೆ ಅವನು ಕೊಡುವ ಕಾರಣ, ಮೊದಲ ದಿನದಿಂದ ಇಂದಿನವರೆಗೆ ಅವರು ಸುವಾರ್ತೆಯಲ್ಲಿ ಪಾಲುಗಾರರಾಗಿದ್ದಾರೆ ಎಂಬುದು. ಅದು ಬಾಯಿಮಾತಿನ ಪಾಲಲ್ಲ. ಅವನು ಥೆಸಲೊನೀಕದಲ್ಲಿದ್ದಾಗ ಅವರು ಒಂದೆರಡು ಸಲ ನೆರವು ಕಳುಹಿಸಿದ್ದರು. ಕೊಡುವ ಕೊಳ್ಳುವ ವಿಷಯದಲ್ಲಿ ತನ್ನೊಂದಿಗೆ ನಿಂತ ಸಭೆ ಬೇರೊಂದಿರಲಿಲ್ಲ ಎಂದು ಪೌಲನು ನೆನೆಯುತ್ತಾನೆ. ಆ ಸಭೆ ಶ್ರೀಮಂತ ಸಭೆಯೂ ಆಗಿರಲಿಲ್ಲ. ಮಕೆದೋನ್ಯದ ಸಭೆಗಳ ಕಡುಬಡತನವನ್ನೂ ಹಿಂಸೆಯನ್ನೂ ಅದರ ನಡುವೆಯೇ ಅವರ ಉದಾರತೆಯನ್ನೂ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಅವನೇ ಬಣ್ಣಿಸಿದ್ದಾನೆ.

ಆ ಕಾಲದ ಸೆರೆವಾಸ ಹೇಗಿತ್ತು ಎಂಬುದನ್ನು ತಿಳಿದರೆ ಈ ಪಾಲುಗಾರಿಕೆಯ ತೂಕ ಗೊತ್ತಾಗುತ್ತದೆ. ಕೈದಿಯ ಊಟ, ಬಟ್ಟೆ, ಔಷಧಿಗೆ ಅವನ ಕಡೆಯವರೇ ದಿಕ್ಕು. ಸೆರೆಯವನನ್ನು ನೋಡಲು ಹೋಗುವುದೇ ಅಧಿಕಾರಿಗಳ ಕಣ್ಣಿಗೆ ಬೀಳುವ ಕೆಲಸ. ಹೀಗಿರುವಾಗ ಫಿಲಿಪ್ಪಿಯವರು ಹಣ ಕೊಟ್ಟು ಎಪಫ್ರೊದೀತ ಎಂಬ ತಮ್ಮವನನ್ನು ಕಳುಹಿಸಿದರು. ಅವನು ಅಲ್ಲೇ ಉಳಿದು ಪೌಲನ ಸೇವೆ ಮಾಡಬೇಕು ಎಂಬುದು ಅವರ ಉದ್ದೇಶ.

ಅವನು ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಬಂದ. ಆ ಸುದ್ದಿ ಊರಿಗೆ ಮುಟ್ಟಿತು. ಊರಿನವರು ಗಾಬರಿಯಾಗಿದ್ದಾರೆಂದು ತಿಳಿದು ಅವನು ಕಾಯಿಲೆಗಿಂತ ಹೆಚ್ಚಾಗಿ ಅದಕ್ಕೇ ಸಂಕಟಪಟ್ಟ. ಇಲ್ಲಿ ಪೌಲನು ಏನು ಬರೆಯುತ್ತಾನೆ ನೋಡಿ. ಎಪಫ್ರೊದೀತ ಸತ್ತಿದ್ದರೂ ನಾನು ಸಂತೋಷದಿಂದಲೇ ಇರುತ್ತಿದ್ದೆ ಎನ್ನುವುದಿಲ್ಲ. ದೇವರು ಅವನನ್ನು ಕರುಣಿಸಿದನು, ನನ್ನನ್ನೂ ಕರುಣಿಸಿದನು, ಇಲ್ಲವಾದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎಂಬ ಅರ್ಥದಲ್ಲಿ ಬರೆಯುತ್ತಾನೆ. ಸದಾ ಸಂತೋಷಪಡಿರಿ ಎಂದು ಅಪ್ಪಣೆ ಕೊಡುವ ಅದೇ ಪತ್ರಿಕೆಯಲ್ಲಿ ತನಗೆ ಈಗಾಗಲೇ ದುಃಖವಿದೆ, ಇನ್ನೊಂದು ಬಂದಿದ್ದರೆ ಹೊರೆ ಭಾರವಾಗುತ್ತಿತ್ತು ಎಂದು ಒಪ್ಪಿಕೊಳ್ಳುವ ಅಪೊಸ್ತಲನನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಅವನ ಸಂತೋಷದಲ್ಲಿ ಕಣ್ಣೀರಿಗೆ ಜಾಗವಿತ್ತು.

ಈ ನಾಡಿನಲ್ಲೇ ನಾವು ಅಂಥ ಸಂತೋಷವನ್ನು ಕಂಡಿದ್ದೇವೆ. ಒಡಿಶಾದ ಮಯೂರ್‌ಭಂಜ್‌ನಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಪುಟ್ಟ ಗಂಡುಮಕ್ಕಳಾದ ಫಿಲಿಪ್ ಮತ್ತು ತಿಮೊಥಿಯನ್ನೂ 1999ರ ಜನವರಿಯಲ್ಲಿ ಮನೋಹರಪುರದಲ್ಲಿ ಅವರು ಮಲಗಿದ್ದ ವಾಹನದೊಳಗೇ ಸುಟ್ಟರು. ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್, ಕೊಂದವರನ್ನು ಕ್ಷಮಿಸಿದೆನೆಂದು ಹೇಳಿದರು. ಮಗಳೊಂದಿಗೆ ಅಲ್ಲೇ ಉಳಿದು ಕುಷ್ಠರೋಗಿಗಳ ಸೇವೆಯನ್ನು ವರ್ಷಗಟ್ಟಲೆ ಮುಂದುವರಿಸಿದರು. 2005ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ನೀಡಿತು. ಆ ತಾಯಿಗೆ ದುಃಖವಿರಲಿಲ್ಲ ಎಂದು ಯಾರೂ ಹೇಳಲಾರರು. ದುಃಖವನ್ನು ಹೊತ್ತುಕೊಂಡೇ ರೋಗಿಗಳ ಬಳಿಗೆ ಹೋಗುವ ಬಲ ಅವರಲ್ಲಿತ್ತು, ಆ ಬಲವನ್ನು ಅವರು ಕ್ರಿಸ್ತನ ಹೆಸರಿನಲ್ಲೇ ಹೇಳಿಕೊಂಡರು.

ಪತ್ರಿಕೆಯ ಇನ್ನೊಂದು ಭಾಗ ನಮ್ಮ ಸಭೆಗಳ ಇಂದಿನ ಸ್ಥಿತಿಗೆ ನೇರವಾಗಿ ತಾಗುತ್ತದೆ. ಪೌಲನು ಸೆರೆಯಲ್ಲಿರುವ ಹೊತ್ತನ್ನು ನೋಡಿ ಕೆಲವರು ಹೊಟ್ಟೆಕಿಚ್ಚಿನಿಂದ, ಪೈಪೋಟಿಯಿಂದ, ಅವನಿಗೆ ನೋವಾಗಲಿ ಎಂದೇ ಸುವಾರ್ತೆ ಸಾರುತ್ತಿದ್ದರು. ಅವನ ಉತ್ತರ, ಹೇಗಾದರೂ ಕ್ರಿಸ್ತನ ಪ್ರಸಿದ್ಧಿಯಾಗುತ್ತಿದೆಯಲ್ಲ, ಅದಕ್ಕೆ ಸಂತೋಷಪಡುತ್ತೇನೆ ಎಂಬುದು. ಪಕ್ಕದ ಬೀದಿಯಲ್ಲಿ ಹೊಸ ಪ್ರಾರ್ಥನಾ ಮಂದಿರ ಎದ್ದರೆ, ನಮ್ಮ ಸಭೆಯ ಯುವಕರು ಅಲ್ಲಿಗೆ ಹೋದರೆ ನಮ್ಮ ನಿದ್ದೆ ಕೆಡುತ್ತದೆ. ಆಗ ನಮ್ಮ ದುಃಖ ಸುವಾರ್ತೆಗಾಗಿಯೋ ಸಭೆಯ ಪಟ್ಟಿಗಾಗಿಯೋ ಎಂದು ಕೇಳಿಕೊಳ್ಳಬೇಕು. ಪೌಲನು ತನ್ನನ್ನೇ ಕೇಂದ್ರವಾಗಿ ಇಟ್ಟುಕೊಂಡಿದ್ದರೆ ಆ ಸೆರೆ ಅವನನ್ನು ಕಹಿ ಮಾಡಿಬಿಡುತ್ತಿತ್ತು. ಅದೇ ಸಭೆಯಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರ ನಡುವೆ ಮನಸ್ತಾಪವಿತ್ತು. ಸುವಾರ್ತೆಯ ಕೆಲಸದಲ್ಲಿ ತನ್ನೊಂದಿಗೆ ಹೋರಾಡಿದವರು ಎಂದು ಅವರನ್ನು ಗೌರವದಿಂದ ಕರೆದೇ ಅವರ ಸಮಾಧಾನಕ್ಕೆ ನೆರವಾಗಿರಿ ಎಂದು ಬೇಡುತ್ತಾನೆ. ಹೊರಗಿನ ಹಿಂಸೆಗಿಂತ ಒಳಗಿನ ಮನಸ್ತಾಪ ಸಂತೋಷವನ್ನು ಬೇಗ ಒಣಗಿಸುತ್ತದೆ ಎಂದು ಅವನಿಗೆ ಗೊತ್ತಿತ್ತು.

3. ಮಂಗಳೂರಿನ ಪಾಲುಗಾರರು

ಈಗ ನಮ್ಮ ಕರಾವಳಿಗೆ ಬರೋಣ. 1833ರ ಚಾರ್ಟರ್ ಕಾಯ್ದೆಯ ನಂತರ ಬ್ರಿಟಿಷರಲ್ಲದ ಮಿಷನರಿಗಳಿಗೂ ಇಂಡಿಯಾದ ಬಾಗಿಲು ತೆರೆಯಿತು. 1834ರಲ್ಲಿ ಬಾಸೆಲ್ ಮಿಷನ್ನಿನ ಸ್ಯಾಮ್ಯುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದರು. ಜಾತ್ರೆಗಳಲ್ಲಿ ನಿಂತು ಸಾರುತ್ತಿದ್ದ ಹೆಬಿಕ್ ಮುಂದೆ ಕಣ್ಣೂರಿನ ಕಡೆ ಕಲ್ಲು ಕೆಸರಿನ ಏಟು ತಿಂದರು. ಅವರ ಹಿಂದೆ ಬಂದವರ ಸಾಹಸಗಳನ್ನು ನಾವು ಶತಮಾನೋತ್ಸವಗಳಲ್ಲಿ ಹೇಳುತ್ತ ಬಂದಿದ್ದೇವೆ. ಆ ಕಥೆಯಲ್ಲಿ ಒಂದು ಎಳೆಯನ್ನು ಮಾತ್ರ ನಾನು ಇಂದು ಹಿಡಿಯುತ್ತೇನೆ. ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಹೊತ್ತುಕೊಂಡು ಸಾಗಿದ ಎಳೆ ಅದು.

ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದರು. 1843ರ ಜುಲೈ 1ರಂದು ಅವರು ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಇಂದಿಗೂ ಆ ದಿನವನ್ನು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಅದು ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಜಿಡ್ಡಿನ ಮಸಿಯಿಂದ ಬರೆದದ್ದನ್ನು ನಯವಾದ ಕಲ್ಲಿಗೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ ಮಸಿ ಹಚ್ಚಿ, ಒಂದೊಂದೇ ಹಾಳೆಯನ್ನು ಕೈಯಿಂದ ಒತ್ತಿ ತೆಗೆಯಬೇಕು. ಆ ಹಾಳೆಗಳಲ್ಲಿ ಊರಿನ ವರ್ತಮಾನವಿತ್ತು, ಸರಕಾರದ ನಿರೂಪಗಳಿದ್ದವು, ಪುರಂದರದಾಸರ ಪದಗಳೂ ಇದ್ದವು. ಮುಂದೆ 1848ರಿಂದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಹಣದ ನೆರವಿನಿಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಅಚ್ಚಾದವು. ತಾವು ಸಾರಲು ಬಂದ ಜನರ ಮಾತನ್ನು ಮೊದಲು ಕೂತು ಕೇಳಿದವರು ಅವರು. ಹೇಳುವವನಿಗೆ ಕೇಳುವ ತಾಳ್ಮೆಯೂ ಇದ್ದಲ್ಲಿ ಪಾಲುಗಾರಿಕೆ ಆರಂಭವಾಗುತ್ತದೆ.

ಮೋಗ್ಲಿಂಗರ ಜೊತೆಗಾರ ಗಾಟ್‌ಫ್ರೀಡ್ ವೈಗ್ಲೆ ಅವರಿಗೆ ಬಂಧುವೂ ಆಗಿದ್ದರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಸಿದ್ಧವಾಗಿತ್ತು. ಅದರ ಪರಿಷ್ಕರಣೆಯ ಭಾರವನ್ನು ವೈಗ್ಲೆ ಹೊತ್ತರು. ಕೆಲಸ ಮುಗಿಯುವ ಮುಂಚೆಯೇ, 1855ರಲ್ಲಿ, ಇನ್ನೂ ನಲವತ್ತು ದಾಟದ ವಯಸ್ಸಿನಲ್ಲಿ ತೀರಿಕೊಂಡರು. ಮೋಗ್ಲಿಂಗ್ ವೈಗ್ಲೆಯ ವಿಧವೆ ಪೌಲಿನರನ್ನು ಮದುವೆಯಾಗಿ ಆ ಕುಟುಂಬಕ್ಕೆ ಆಸರೆಯಾದರು. ಆ ಹೊತ್ತಿಗೆ ಅವರು ಕೊಡಗಿಗೆ ಹೋಗಿದ್ದರು. ಅಲ್ಲಿ ಆನಂದಪುರವೆಂಬ ನೆಲೆಯಲ್ಲಿ ದಲಿತ ಕುಟುಂಬಗಳ ಜೊತೆ ದುಡಿಯುತ್ತಿದ್ದಾಗ ಹೆಂಡತಿಯ ಕಾಯಿಲೆಯಿಂದಾಗಿ 1860ರಲ್ಲಿ ಜರ್ಮನಿಗೆ ಮರಳಬೇಕಾಯಿತು. ಮತ್ತೆ ಬರಲಾಗಲಿಲ್ಲ. ಆದರೆ ಜರ್ಮನಿಯಿಂದಲೇ ಅವರು ಕಿಟ್ಟೆಲರ ನಿಘಂಟಿನ ಬೆನ್ನಿಗೆ ನಿಂತರು.

ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದವರು. ಕ್ರಿಸ್ತಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ಯನ್ನು 1862ರಲ್ಲಿ ಹೊರತಂದರು. ಎರಡು ವರ್ಷಗಳಲ್ಲಿ ಹೆಂಡತಿಯನ್ನು ಕಳೆದುಕೊಂಡರು. ದಶಕಗಳ ದುಡಿಮೆಯ ನಂತರ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಈ ಭಾಷಾಸೇವೆ ಸುವಾರ್ತಾಸೇವೆ ಹೇಗಾಗುತ್ತದೆ ಎಂಬ ಪ್ರಶ್ನೆ ಮಿಷನ್ನಿನ ಒಳಗೂ ಇತ್ತು. ಅದಕ್ಕೆ ನನ್ನ ಉತ್ತರ ಸರಳ. ಕ್ರೈಸ್ತನಲ್ಲದ ಕನ್ನಡಿಗನೂ ಕೃತಜ್ಞತೆಯಿಂದ ತೆರೆದು ನೋಡುವ ಆ ಪುಟಗಳು, ಪ್ರತಿಫಲ ಕೇಳದೆ ಕೊಡುವ ಪ್ರೀತಿ ಹೇಗಿರುತ್ತದೆ ಎಂಬುದಕ್ಕೆ ಸಾಕ್ಷಿ.

ವಿದೇಶೀಯರ ಹೆಸರನ್ನೇ ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಅವರು ಬಿಟ್ಟುಬಂದದ್ದು ದೊಡ್ಡದು, ಆದರೆ ಅವರಿಗೆ ಹಿಂದಿರುಗಲು ಒಂದು ಊರಿತ್ತು. ಇಲ್ಲಿಯವರಿಗೆ ಅದೂ ಇರಲಿಲ್ಲ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿಣ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಹೊಂದಿದಾಗ ಊರೇ ತಳಮಳಿಸಿತು. ಹೆಂಡತಿ ಜೊತೆಗೆ ಬರಲಿಲ್ಲ. ಹರ್ಮನ್ ಎಂಬ ಹೆಸರು ಪಡೆದು, ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಅಭಿಷಿಕ್ತರಾಗಿ ಮರಳಿ, 1893ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಸೇವೆ ಮಾಡಿದರು. ಅವರ ನಂಬಿಕೆಯನ್ನು ಗೌರವಿಸುವಾಗ ಅವರು ಬಿಟ್ಟುಬಂದ ಮನೆಯ ಅಳುವನ್ನೂ ನಾವು ಕೇಳಿಸಿಕೊಳ್ಳಬೇಕು. ಮಗನನ್ನು ಕಳೆದುಕೊಂಡೆವೆಂದು ತಿಳಿದವರ ನೋವು, ಗಂಡನ ದಾರಿ ತನ್ನದಲ್ಲವೆಂದು ನಿಂತ ಹೆಣ್ಣಿನ ನೋವು ಸುಳ್ಳಲ್ಲ. ಅದನ್ನು ಕಾಣದ ಸಂತೋಷ ಕ್ರಿಸ್ತನದಲ್ಲ. ಯೆರೂಸಲೇಮಿಗಾಗಿ ಅತ್ತವನು ಅವನು.

ನಂಬಿದವರಲ್ಲಿ ಹೆಚ್ಚಿನವರು ಬಡವರು. ನಂಬಿದ್ದಕ್ಕೆ ಗೇಣಿಯ ಜಮೀನು ಹೋಯಿತು, ಕುಲಕಸುಬು ಹೋಯಿತು, ಬಾವಿಯ ನೀರೂ ಹೋಯಿತು. ನೇಯ್ಗೆಯ ಮಗ್ಗಗಳೂ 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆಯೂ ಆ ಅನ್ನದ ಪ್ರಶ್ನೆಗೆ ಹುಡುಕಿದ ಉತ್ತರಗಳು. ಅವುಗಳಿಂದ ಮಿಷನ್ನಿನ ಮೇಲಿನ ಅವಲಂಬನೆ ಬೆಳೆಯಿತೆಂಬ ಟೀಕೆಯಲ್ಲೂ ಸತ್ಯವಿದೆ. ಆದರೂ ಸುವಾರ್ತೆಯನ್ನು ಹಂಚಿದವರು ಅದರ ಬೆಲೆಯನ್ನೂ ಹಂಚಿಕೊಳ್ಳಬೇಕು ಎಂಬ ತಿಳಿವಳಿಕೆ ಅಲ್ಲಿತ್ತು.

1914ರ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳನ್ನು ಬಂಧಿಸಿ ಹೊರಗೆ ಕಳುಹಿಸಲಾಯಿತು, ಕಾರ್ಖಾನೆಗಳು ಕೈತಪ್ಪಿದವು. ಆಗ ಆರಾಧನೆ ನಿಲ್ಲಲಿಲ್ಲ. ಬೆತ್ತದ ಪೆಟ್ಟಿಗೆಯಲ್ಲಿ ಪುಸ್ತಕ ಹೊತ್ತು ಸಂತೆಗೆ ಹೋಗುತ್ತಿದ್ದ ಪುಸ್ತಕ ಮಾರಾಟಗಾರರು, ಮನೆಮನೆಯ ಹಿಂಬಾಗಿಲಿನಲ್ಲಿ ಕೂತು ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದ ಬೈಬಲ್ ಸ್ತ್ರೀಯರು, ಚಿಕ್ಕ ಸಂಬಳದ ಉಪದೇಶಿಗಳು ಸಭೆಯನ್ನು ಹೊತ್ತುಕೊಂಡರು. ಅವರಲ್ಲಿ ಹೆಚ್ಚಿನವರ ಹೆಸರನ್ನು ಯಾವ ಚರಿತ್ರೆಯೂ ಬರೆದಿಟ್ಟಿಲ್ಲ. ನಮ್ಮಲ್ಲಿ ಹಲವರ ಮನೆಗೆ ಸುವಾರ್ತೆ ಬಂದದ್ದು ಅವರ ಕಾಲ್ನಡಿಗೆಯಲ್ಲಿ.

4. ನಮ್ಮ ಪಾಲಿಗೆ ಬಂದದ್ದು

ಈಗ ನಮ್ಮ ಕಾಲದ ಮಾತು. ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿ ಅದಕ್ಕಿದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಪ್ರಸಾರದ ಹಕ್ಕು ಚರ್ಚೆಗೆ ಬಂದಾಗ ಅದರ ಪರವಾಗಿ ಮಾತನಾಡಿದವರಲ್ಲಿ ಕೆ. ಎಂ. ಮುನ್ಶಿ, ಟಿ. ಟಿ. ಕೃಷ್ಣಮಾಚಾರಿ ಅಂಥ ಹಿಂದೂ ಸದಸ್ಯರೂ ಇದ್ದರು. ಈ ಹಕ್ಕು ಕ್ರೈಸ್ತರು ಕಿತ್ತುಕೊಂಡದ್ದಲ್ಲ. ಈ ದೇಶ ತನ್ನ ಎಲ್ಲ ಮಕ್ಕಳಿಗೂ ಕೊಟ್ಟದ್ದು. ಬೆದರಿಕೆ, ಹಲ್ಲೆ, ಸುಳ್ಳು ದೂರು ಬಂದಾಗ ಪೌಲನಂತೆ ಕಾನೂನಿನ ಬಾಗಿಲು ತಟ್ಟುವುದು ನಂಬಿಕೆಯ ಕೊರತೆಯಲ್ಲ.

1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಿತು. ಆ ತೀರ್ಪಿನ ಬಗ್ಗೆ ಕಾನೂನು ಪಂಡಿತರಲ್ಲಿ ಇಂದಿಗೂ ಚರ್ಚೆಯಿದೆ. ಕಾನೂನಿನ ವಾದ ಏನೇ ಇರಲಿ, ಸುವಾರ್ತೆಯ ದೃಷ್ಟಿಯಿಂದ ನಾನು ಒಂದು ಮಾತು ಹೇಳುತ್ತೇನೆ. ಇನ್ನೊಬ್ಬರ ಹೃದಯವನ್ನು ತಿರುಗಿಸುವುದು ಎಂದೂ ನಮ್ಮ ಕೈಯಲ್ಲಿ ಇರಲಿಲ್ಲ. ಲುದ್ಯಳ ಹೃದಯವನ್ನು ಕರ್ತನು ತೆರೆದನು ಎಂದು ಲೂಕನು ಬರೆಯುತ್ತಾನೆ, ಪೌಲನು ತೆರೆದನು ಎಂದಲ್ಲ. ನಮಗೆ ಕೊಟ್ಟಿರುವುದು ಹಂಚಿಕೊಳ್ಳುವ ಕೆಲಸ. ಸಂತೋಷವನ್ನು ಸಂಖ್ಯೆಯಲ್ಲಿ ಇಟ್ಟುಕೊಂಡವನಿಗೆ ಒತ್ತಾಯದ, ಆಮಿಷದ ಶೋಧನೆ ಬರುತ್ತದೆ. ಸಂತೋಷವನ್ನು ಪಾಲುಗಾರಿಕೆಯಲ್ಲಿ ಕಂಡವನಿಗೆ ಅವುಗಳ ಅಗತ್ಯವೇ ಇಲ್ಲ. ಎದುರಿನವನು ಬೇಡ ಎಂದರೂ ಅವನ ಜೊತೆ ನೆರೆಯವನಾಗಿ ಬಾಳಬಲ್ಲ, ಅವನ ಮನೆಯ ಮದುವೆಗೂ ಸಾವಿಗೂ ಹೋಗಬಲ್ಲ.

ಸೆಮಿನರಿಯ ಯುವಕ ಯುವತಿಯರೇ, ನಿಮ್ಮಲ್ಲಿ ಕೆಲವರನ್ನು ಹದಿನೈದು ಮನೆಗಳ ಸಭೆಗೆ ಕಳುಹಿಸುತ್ತಾರೆ. ಅಲ್ಲಿ ಹದಿನಾರನೆಯ ಮನೆ ಸೇರದೆಯೇ ವರ್ಷಗಳು ಕಳೆಯಬಹುದು. ಆಗ ನಿಮ್ಮನ್ನು ವಿಫಲರೆಂದು ಎಣಿಸಿಕೊಳ್ಳಬೇಡಿ. ಆ ಹದಿನೈದು ಮನೆಗಳಲ್ಲಿ ಯಾರ ಗಾಯವನ್ನು ತೊಳೆಯಬೇಕು, ಯಾರ ಮನೆಯಲ್ಲಿ ಊಟಕ್ಕೆ ಕೂರಬೇಕು ಎಂದು ಹುಡುಕಿ. ದಣಿದಾಗ ದಣಿದಿದ್ದೇನೆ ಎಂದು ಸಭೆಗೆ ಹೇಳಿ. ಪೌಲನು ತನ್ನ ದುಃಖವನ್ನು ಬಚ್ಚಿಟ್ಟು ಪತ್ರ ಬರೆಯಲಿಲ್ಲ, ನೀವೂ ಬಚ್ಚಿಡಬೇಡಿ. ಒಂಟಿಯಾಗಿ ಹೊತ್ತ ಸೇವೆ ಎಷ್ಟೇ ಶೂರತನದ್ದಾದರೂ ಅದರಲ್ಲಿ ಸಂತೋಷ ಬಹಳ ದಿನ ಬಾಳುವುದಿಲ್ಲ.

ಸಭೆಯ ಹಿರಿಯರಿಗೆ ಹೇಳಬೇಕಾದದ್ದು ಇನ್ನೂ ನೇರವಾದ ಮಾತು. ಹಳ್ಳಿಯ ಸುವಾರ್ತಿಕನಿಗೆ ನಾವು ಸುವಾರ್ತಾಭಾನುವಾರದ ಕಾಣಿಕೆ ಕಳುಹಿಸುತ್ತೇವೆ, ರಸೀದಿ ಬಂದರೆ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಫಿಲಿಪ್ಪಿಯವರು ಹಣದ ಜೊತೆ ಒಬ್ಬ ಮನುಷ್ಯನನ್ನು ಕಳುಹಿಸಿದರು. ಅವನು ಕಾಯಿಲೆ ಬಿದ್ದಾಗ ಊರೇ ಕಂಗಾಲಾಯಿತು. ನಮ್ಮ ಸಭೆಯ ಹಣದಿಂದ ಸೇವೆ ಮಾಡುವವನ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವನ ಹೆಂಡತಿಗೆ ಜ್ವರ ಬಂದರೆ ನಮಗೆ ಸುದ್ದಿ ಮುಟ್ಟುತ್ತದೆಯೇ? ಅವನ ಮೇಲೆ ದೂರು ದಾಖಲಾದ ದಿನ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕೂರಲು ನಮ್ಮಲ್ಲಿ ಯಾರು ಹೋಗುತ್ತಾರೆ? ಸುವಾರ್ತೆಯ ಸಂತೋಷ ನಮ್ಮ ಸಭೆಗಳಲ್ಲಿ ಕಡಿಮೆಯಾಗಿದ್ದರೆ, ಸಾರುವವನ ಕಷ್ಟವನ್ನು ಅವನೊಬ್ಬನಿಗೇ ಬಿಟ್ಟುಕೊಟ್ಟದ್ದೇ ಅದಕ್ಕೆ ದೊಡ್ಡ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಈ ಉಪನ್ಯಾಸದ ಕೊನೆಯಲ್ಲಿ ಒಂದೇ ಬೇಡಿಕೆ. ಪ್ರತಿಯೊಂದು ಸಭೆಯೂ ತಾನು ನೆರವು ಕೊಡುವ ಒಬ್ಬ ಸುವಾರ್ತಿಕನ ಅಥವಾ ಬೈಬಲ್ ಸ್ತ್ರೀಯ ಊರಿಗೆ ಈ ವರ್ಷ ತನ್ನವರಲ್ಲಿ ಇಬ್ಬರನ್ನಾದರೂ ಕಳುಹಿಸಲಿ. ಅವರು ಭಾಷಣ ಮಾಡಲು ಹೋಗುವುದು ಬೇಡ. ಆ ಮನೆಯಲ್ಲಿ ಉಳಿದು, ಅವರು ನಡೆಯುವ ದಾರಿಯಲ್ಲಿ ನಡೆದು, ಅವರು ಪಡುವ ಕಷ್ಟವನ್ನು ಕಣ್ಣಾರೆ ಕಂಡು ಬಂದು ಭಾನುವಾರದ ಆರಾಧನೆಯಲ್ಲಿ ಹೇಳಲಿ, ಸಭೆ ಅವರಿಗಾಗಿ ಹೆಸರು ಹಿಡಿದು ಪ್ರಾರ್ಥಿಸಲಿ. ಆಗ ಸಂತೋಷವಾಗಿರಿ ಎಂದು ಅವರಿಗೆ ಹೇಳುವ ಹಕ್ಕು ನಮಗೆ ಬರುತ್ತದೆ. ಆ ಸಂತೋಷದಲ್ಲಿ ನಮ್ಮ ಪಾಲೂ ಇರುತ್ತದೆ.